ಹಳೆಯ ಮಷಿನ್ ಹೋದ ಮರುದಿನ

ವಾಷಿಂಗ್ ಮಷಿನ್ ಯಾವುದು ತಗೋಬೇಕು, ಹಳೆಯದನ್ನು ಯಾವಾಗ ಬಿಡಬೇಕು ಎಂದು ಶಾಲೆಯಲ್ಲಿ ಯಾರಾದರೂ ಮಾತು ತೆಗೆದರೆ ಉಳಿದ ಶಿಕ್ಷಕಿಯರು ನನ್ನತ್ತ ಬೊಟ್ಟು ಮಾಡುತ್ತಾರೆ. ಒಂದು ಮಷಿನ್ನಿಗಾಗಿ ನಾನು ಎರಡು ತಿಂಗಳು ಮಸ್ಕಿ, ಸಿಂಧನೂರು, ಲಿಂಗಸುಗೂರು ಸುತ್ತಿದ್ದು ಅವರಿಗೆಲ್ಲ ಗೊತ್ತು. ಬೋರಿನ ಉಪ್ಪುನೀರಿಗೆ ಯಾವುದು ತಾಳುತ್ತದೆ, ಕರೆಂಟ್ ಹೋಗಿ ಬಂದರೆ ಯಾವುದು ನಿಂತಲ್ಲಿಂದ ಮತ್ತೆ ಶುರುವಾಗುತ್ತದೆ, ಎಲ್ಲವನ್ನೂ ಹೇಳುತ್ತೇನೆ. ಹಳೆಯ ಮಷಿನ್ ಕೊಟ್ಟು ಕಳಿಸಿದ ಮರುದಿನ ನಮ್ಮ ಮಾವನ ಜೀವಕ್ಕೇ ಸಂಚಕಾರ ಬಂದಿತ್ತು ಎಂಬುದನ್ನು ಮಾತ್ರ ಇದುವರೆಗೆ ಹೇಳಿಲ್ಲ.

ನಮ್ಮ ಮನೆ ಮಸ್ಕಿಯಲ್ಲಿ. ಮಾವ, ಅತ್ತೆ, ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡ, ನಾನು, ಇಷ್ಟೇ ಜನ. ಹಳೆಯ ಮಷಿನ್ ಸೆಮಿ ಆಟೋಮ್ಯಾಟಿಕ್; ಒಂದು ಬದಿ ಒಗೆಯುವ ತೊಟ್ಟಿ, ಇನ್ನೊಂದು ಬದಿ ಹಿಂಡುವ ಡ್ರಮ್ಮು. ಅದರ ಬೆಲ್ಟ್ ಎರಡು ಸಲ, ಮೋಟರ್ ಒಂದು ಸಲ ಬದಲಾಗಿತ್ತು. ಟೈಮರಿನ ಗುಂಡಿ ಮುರಿದು ಇಕ್ಕಳದಿಂದ ತಿರುಗಿಸುತ್ತಿದ್ದೆವು. ಹಿಂಡಲು ಬಿಟ್ಟರೆ ಗಡಗಡ ಎನ್ನುತ್ತ ಬಚ್ಚಲಿನಿಂದ ಪಡಸಾಲೆಯ ಕಡೆಗೆ ಹೊರಟೇಬಿಡುತ್ತಿತ್ತು. ಅದು ನಿಲ್ಲುವವರೆಗೆ ಅತ್ತೆ ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿರುತ್ತಿದ್ದರು. ಆದರೂ ಅವರ ಪ್ರಕಾರ ಅದು ಚೆನ್ನಾಗಿಯೇ ಇತ್ತು. ಗಂಡನಿಗಂತೂ ಇನ್ನೊಂದು ರಿಪೇರಿ ಮಾಡಿಸಿದರೆ ಇನ್ನೈದು ವರ್ಷ ಎಂಬ ನಂಬಿಕೆ. ನನಗೆ ತಾಳ್ಮೆ ಮೊದಲೇ ಕಡಿಮೆ. ಕೊನೆಗೆ ಲಿಂಗಸುಗೂರಿನ ಮೆಕ್ಯಾನಿಕ್ ಬಂದು, ಮಷಿನ್ನನ್ನು ಬೋರಲು ಹಾಕಿ ನೋಡಿ, "ಅಕ್ಕಾರ, ಇದರ ಪಾರ್ಟ್ ಬರೋದು ಬಂದ್ ಆಗೇತ್ರಿ. ಇಂಥಾದ ಇನ್ನೊಂದು ಹಳೇದು ಸಿಕ್ಕರ ಅದರಾಗಿಂದು ಬಿಚ್ಚಿ ಹಾಕಬೇಕು," ಎಂದ. ಅವತ್ತೇ ನಾನು ತೀರ್ಮಾನಿಸಿದೆ.

ಅಂಗಡಿಯವರ ಮಾತನ್ನು ನಾನು ನಂಬುವವಳಲ್ಲ. ಮಷಿನ್ ಇರುವ ಮನೆಗಳಿಗೇ ಹೋದೆ. ಗೊರೇಬಾಳದ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಕಾಲುವೆಯ ನೀರು. ಮಣ್ಣು ಬಂದು ವಾರಕ್ಕೊಮ್ಮೆ ನೀರು ಸೋಸುವ ಜಾಳಿಗೆ ಕಟ್ಟಿಕೊಳ್ಳುತ್ತಿತ್ತು. ಲಿಂಗಸುಗೂರಿನ ಗೆಳತಿಯ ಮನೆಯ ದುಬಾರಿ ಮಷಿನ್ ವೋಲ್ಟೇಜ್ ಏರಿ ಬೋರ್ಡು ಸುಟ್ಟು ಮೂರು ವಾರದಿಂದ ಹೊದಿಕೆ ಹೊದ್ದು ನಿಂತಿತ್ತು. ಎಲ್ಲರಿಗೂ ನಾನು ಕೇಳುತ್ತಿದ್ದುದು ಒಂದೇ: ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ? ಅಲ್ಲಿಯವರೆಗೆ ಹೊಗಳುತ್ತಿದ್ದವರು ಆಗ ಚಹಾ ತರಲು ಒಳಗೆ ಹೋಗುತ್ತಿದ್ದರು. ಸಿಂಧನೂರಿನ ಅಂಗಡಿಯಲ್ಲಿ ಸೇಲ್ಸ್‌ಮನ್, "ಗುಂಡಿ ಒತ್ತಿ ಆರಾಮ ಮಲಕ್ಕೊಂಡ್ಬಿಡ್ರಿ ಮೇಡಂ," ಎಂದರೆ ನಾನು ಡ್ರಮ್ಮಿಗೆ ಕೈಹಾಕಿ ತಿರುಗಿಸಿ, ಜಾಳಿಗೆ ಬಿಚ್ಚಿ, ಹಿಂದಿನ ಪೈಪು ಎಳೆದು ನೋಡುತ್ತಿದ್ದೆ. ನನ್ನ ಗಂಡ ನಾಚಿ, "ಕನ್ಯಾ ನೋಡಾಕ ಬಂದವ್ರೂ ಇಷ್ಟು ನೋಡಂಗಿಲ್ಲ, ನಡಿ," ಎಂದರು. ಕಡೆಗೆ ಗುಂಡಿಗಳು ಕಡಿಮೆ ಇರುವ, ಸ್ಟೀಲ್ ಡ್ರಮ್ಮಿನ, ಮೇಲಿನಿಂದ ಬಟ್ಟೆ ಹಾಕುವ ಒಂದನ್ನು ಆರಿಸಿದೆ. ಹಳೆಯದನ್ನು ಬದಲಿಗೆ ಕೊಡಬಹುದು, ಆದರೆ ಅದು ಚಾಲೂ ಇರಬೇಕು ಎಂದರು ಅಂಗಡಿಯವರು. ಅಂಥವನ್ನೆಲ್ಲ ಅವರು ಸಾಗಹಾಕುತ್ತಿದ್ದುದು ಲಿಂಗಸುಗೂರಿನ ಅದೇ ಮೆಕ್ಯಾನಿಕ್‌ಗೆ.

ಇಲ್ಲಿ ಮಾವನ ವಿಷಯ ಹೇಳಬೇಕು. ಮಾವ ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವವರು. ಅದು ಮುಗಿಯುವವರೆಗೆ ಹನಿ ನೀರೂ ಬಾಯಿಗೆ ಹಾಕುವುದಿಲ್ಲ. ಜ್ವರ ಬಂದಾಗಲೂ, ಮಗನ ಮದುವೆಯ ಗದ್ದಲದಲ್ಲೂ ತಪ್ಪಿಸಿದವರಲ್ಲ. ಸಣ್ಣ ಬಿಳಿ ಬಟ್ಟೆಯಲ್ಲಿ ಕಟ್ಟಿದ ಲಿಂಗ ಶಿವದಾರದಲ್ಲಿ ಎದೆಯ ಮೇಲೆ ಇರುತ್ತಿತ್ತು. ಹೊಸ ಮಷಿನ್ ಬರುವ ಭಾನುವಾರ ಮಧ್ಯಾಹ್ನ ಆ ದಾರ ಸವೆದು ಕಿತ್ತುಹೋಯಿತು. ಅತ್ತೆ ಹೊಸ ದಾರ ಹೊಸೆಯಲು ಕೂತರು, ಅದು ಮುಗಿಯುವುದು ಮರುದಿನವೇ. ಅಲ್ಲಿಯವರೆಗೆ ಇರಲಿ ಎಂದು ಮಾವ ಲಿಂಗವನ್ನು ಬಟ್ಟೆ ಸಮೇತ ತಮ್ಮ ಬನಿಯನ್ನಿನ ಎದೆಕಿಸೆಯಲ್ಲಿ ಇಟ್ಟುಕೊಂಡರು. ಅದು ದರ್ಜಿಯಿಂದ ಹೊಲಿಸಿದ ಕಿಸೆಬನಿಯನ್. ಅಂಥವು ಅವರಲ್ಲಿ ನಾಲ್ಕಿದ್ದವು, ನಾಲ್ಕೂ ಒಂದೇ ತರಹ. ಕರೆಂಟ್ ಇಲ್ಲದೆ ಬೆವರಿ, ಅದನ್ನು ಕಳಚಿ ಗೂಟಕ್ಕೆ ಹಾಕಿ ಮಲಗಿದರು. ಎದ್ದಾಗ ಕೈಗೆ ಸಿಕ್ಕ ಬನಿಯನ್ನನ್ನು ಅದೇ ಎಂದುಕೊಂಡು ತೊಟ್ಟರು. ಕಣ್ಣಿನ ಪೊರೆ ಬೇರೆ ಇತ್ತು.

ಅವರು ಮಲಗಿದ್ದಾಗಲೇ ಕರೆಂಟ್ ಬಂತು, ಅದರ ಬೆನ್ನಿಗೆ ಹೊಸ ಮಷಿನ್ ತರುತ್ತಿದ್ದ ಗಾಡಿಯವನ ಫೋನೂ ಬಂತು. ಹತ್ತು ನಿಮಿಷದಲ್ಲಿ ಮನೆ ಮುಂದೆ ಇರುತ್ತೇನೆ ಎಂದ. ಹಳೆಯದು ಚಾಲೂ ಇದೆ ಎಂದು ತೋರಿಸುವ ಅವಸರ ನನಗೆ. ಗೂಟದ ಮೇಲೆ, ಹಗ್ಗದ ಮೇಲೆ ಕಂಡದ್ದನ್ನೆಲ್ಲ ಬಾಚಿ ತೊಟ್ಟಿಗೆ ಹಾಕಿದೆ. ಶಾಲೆಯಲ್ಲಿ ಮಕ್ಕಳ ಕಿಸೆ ತಡವಿ ಗೋಲಿ, ಹುಣಸೆಬೀಜ ತೆಗೆಸುವ ನಾನು ಅವತ್ತು ಮನೆಯವರ ಕಿಸೆ ತಡವಲಿಲ್ಲ. ಗಾಡಿಯವನು ಬಂದಾಗ ಬಟ್ಟೆ ಹಿಂಡುವ ಡ್ರಮ್ಮಿನಲ್ಲಿತ್ತು. ಕಿವಿಗೊಟ್ಟು ನಿಂತು, "ಭಾಳ ಸದ್ದು ಮಾಡಾಕತ್ತೈತಲ್ರಿ," ಎಂದ. "ಮೊದಲಿಂದ್ಲೂ ಹಂಗ ಐತಿ," ಎಂದೆ. ಸುಳ್ಳು. ಗಡಗಡದ ನಡುವೆ ಟಕ್ ಟಕ್ ಎಂಬ ಹೊಸ ಸದ್ದೊಂದು ನನಗೂ ಕೇಳಿಸಿತ್ತು. ಹೋಗುವ ಮಷಿನ್, ಏನಾದರೂ ಆಗಲಿ ಎಂದು ಬಿಟ್ಟೆ. ಬಟ್ಟೆ ಬಕೀಟಿಗೆ ತೆಗೆದೆ, ಅವನು ಹೊಸದನ್ನು ಇಳಿಸಿ, ಹಳೆಯದನ್ನು ಏರಿಸಿಕೊಂಡು ಲಿಂಗಸುಗೂರಿನ ದಾರಿ ಹಿಡಿದ.

ಮಾವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಸೂಜಿ ಮಾಡುವುದು ನನ್ನ ಕೆಲಸ. ಸೂಜಿಯಾದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿದ್ದರು. ಸೂಜಿ ಮಾಡಿಸಿಕೊಂಡು, ಪೂಜೆ ಮುಗಿಸಿ, ಅವರು ನೇರ ರೊಟ್ಟಿಗೆ ಕೂರುತ್ತಿದ್ದರು. ಸೋಮವಾರವೂ ಸೂಜಿ ಮಾಡಿದೆ. ಅವರು ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕೂತು ಎದೆಕಿಸೆಗೆ ಕೈ ಹಾಕಿದರು.

"ಲಿಂಗ ಇಲ್ಲ," ಎಂದರು.

ಅತ್ತೆ ಹಾಸಿಗೆ ಕೊಡವಿದರು. ಗಂಡ ಮಂಚದ ಕೆಳಗೆ ಬ್ಯಾಟರಿ ಬೆಳಕು ಬಿಟ್ಟರು. ನಾನು ಹಿತ್ತಲಿಗೆ ಓಡಿದೆ. ಹಗ್ಗದ ಮೇಲೆ ಕಿಸೆಬನಿಯನ್ ಒಣಗುತ್ತಿತ್ತು. ಕಿಸೆ ಹೊರಮಗ್ಗುಲಾಗಿ ಜೋತುಬಿದ್ದಿತ್ತು. ಒಳಗೆ ಬಂದು, "ಹಳೇ ಮಷಿನ್ನಿನಾಗ ಬಿದ್ದಿರಬೇಕ್ರಿ," ಎಂದಷ್ಟೇ ಹೇಳಿದೆ. ಅತ್ತೆ ಮಾವನತ್ತ ತಿರುಗಿ, "ಬನಿಯನ್ ಒಗಿಯಾಕ ನೀವ ಹಾಕಿದ್ರೇನು?" ಎಂದು ಕೇಳಿದರು. "ಹಾಕಿದ್ನೋ ಏನೋ, ನೆಪ್ಪಿಲ್ಲ," ಎಂದರು ಮಾವ. ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಮೆಕ್ಯಾನಿಕ್‌ಗೆ ಗಂಡ ನಾಲ್ಕು ಸಲ ಫೋನ್ ಹಚ್ಚಿದರು. "ಎತ್ತವಲ್ಲ. ನಾನ ಹೋಗ್ತೀನಿ, ಅರ್ಧಾ ತಾಸಿನ ದಾರಿ," ಎಂದು ಬೈಕ್ ತೆಗೆದರು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು. "ಅಯ್ಯನೋರ ಮನಿಗೆ ಹೋಗಿ ಬರ್ತೀನಿ. ಬ್ಯಾರೆ ಲಿಂಗ ಕಟ್ಟತಾರೇನು ಕೇಳ್ತೀನಿ. ಅಲ್ಲೀತನಕ ಅವರಿಗೆ ಒತ್ತಾಯ ಮಾಡಬ್ಯಾಡ ನೀ," ಎಂದು ನನಗೆ ತಾಕೀತು ಮಾಡಿ ಹೋದರು. ಗೋಡೆಯ ಗಡಿಯಾರದಲ್ಲಿ ಏಳೂವರೆ ಆಗಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಪೂಜೆಯ ವಿಷಯ ಹೇಳುವಷ್ಟರಲ್ಲೇ ಅವರು ತಡೆದು, "ಮೊದಲು ಸಕ್ಕರಿ ನೀರು ಕುಡಸ್ರಿ. ಬಾಕಿ ಎಲ್ಲಾ ಆಮ್ಯಾಲ. ಕುಡೀಲಿಲ್ಲ ಅಂದ್ರ ಎತ್ಗೊಂಡು ಬರ್ರಿ," ಎಂದರು. ಲೋಟದಲ್ಲಿ ನಾಲ್ಕು ಚಮಚ ಸಕ್ಕರೆ ಕಲಸಿ ಮಾವನ ಮುಂದೆ ಹಿಡಿದೆ.

"ಬ್ಯಾಡ ತಂಗಿ. ಲಿಂಗ ಬರ್ತತಿ. ಬಂದ ಮ್ಯಾಲ ಕುಡೀತೀನಿ."

"ಮಾವಾರ, ಸೂಜಿ ಒಳಗ ಹೋಗೇತ್ರಿ. ಅದು ಕಾಯಂಗಿಲ್ರಿ."

"ಅರವತ್ತು ವರ್ಷ ಆತು. ಒಂದು ದಿನ ಬಿಟ್ಟಿಲ್ಲ. ಈಗ ಬಿಡ್ಲೇನು?"

"ಹಂಗಾರ ದವಾಖಾನಿಗೆ ನಡ್ರಿ."

"ಲಿಂಗ ಇಲ್ಲದ ಮೈಯಿಂದ ಹೊಸ್ತಿಲ ದಾಟಂಗಿಲ್ಲ."

ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಅವರ ಮೇಲೆ, ಫೋನ್ ಎತ್ತದ ಮೆಕ್ಯಾನಿಕ್ ಮೇಲೆ, ಒತ್ತಾಯ ಮಾಡಬೇಡ ಎಂದು ಹೇಳಿ ಹೋದ ಅತ್ತೆಯ ಮೇಲೆ. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಗಡಿಯಾರ ನೋಡಿದೆ, ಏಳೂ ಮುಕ್ಕಾಲು. ಮಾವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಮೊಣಕಾಲ ಮೇಲಿಟ್ಟ ಕೈ ನಡುಗುತ್ತಿತ್ತು. "ದೀಪ ಹಚ್ಚಿದೇನು, ಸಂಜಿ ಆತಲ್ಲ," ಎಂದರು. ಹೊರಗೆ ಎಳೆಬಿಸಿಲು ಇತ್ತು. ಬಾಯಿ ಬಿಡಿಸಿ ಸುರಿದುಬಿಡಲೇ ಎಂದುಕೊಂಡೆ. ಹಲ್ಲು ಕಚ್ಚಿ ಹಿಡಿದರೆ? ನೀರು ನೆತ್ತಿಗೇರಿದರೆ? ಫೋನ್ ಕೈಯಲ್ಲೇ ಇತ್ತು, ಗಂಡನಿಂದ ಸುದ್ದಿಯಿಲ್ಲ.

ನೆಲದ ಮೇಲೆ ಅವರ ಎದುರು ಕೂತುಬಿಟ್ಟೆ.

"ಮಾವಾರ, ನೀವು ಒಗಿಯಾಕ ಹಾಕಿಲ್ರಿ. ಗೂಟದ ಮ್ಯಾಲಿಂದ ಬನಿಯನ್ ತಗೊಂಡು ಮಷಿನ್ನಿಗೆ ಹಾಕಿದಾಕಿ ನಾನು. ಕಿಸೆ ನೋಡಲಿಲ್ಲ. ಒಳಗ ಏನೋ ಟಕ್ ಟಕ್ ಅನ್ನಾಕತ್ತಿತ್ತು, ಕೇಳಿನೂ ಸುಮ್ಮನಿದ್ದೆ. ಇವತ್ತು ಸೂಜಿ ಮಾಡಿದಾಕಿನೂ ನಾನ." ಇಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮಾತು ಅರ್ಥವಾಯಿತೋ ಇಲ್ಲವೋ ಎಂದು ನಾನು ಹೆದರಿದೆ.

"ಯಾರಿಗರ ಹೇಳೀಯೇನು?"

"ಇಲ್ರಿ."

"ಹೇಳಬ್ಯಾಡ." ನಾಲಿಗೆ ತೊದಲುತ್ತಿತ್ತು, ತಡೆತಡೆದು ಆಡಿದರು. "ನನಗೇನರ ಆದರ ಮಂದಿ ನಿನಗ ಅಂತಾರ. ಸೂಜಿ ಮಾಡಿ ಕೊಂದಳು ಅಂತಾರ. ಕೊಡು ಇಲ್ಲಿ."

ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ದಿನಾ ಪೂಜೆಗೆ ಹಿಡಿಯುವ ಹಾಗೆ ಅಂಗೈ ಅಗಲಿಸಿ, ಬರಿದಾದ ಅದನ್ನೊಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಲೋಟ ಹಿಡಿಯಲು ಅವರಿಂದ ಆಗಲಿಲ್ಲ, ನಾನೇ ಹಿಡಿದೆ. ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಇನ್ನೊಂದು ಲೋಟ ತಂದೆ, ಅದನ್ನೂ ಕುಡಿದರು. ಕಾಲು ಗಂಟೆಯಲ್ಲಿ ಬೆವರು ನಿಂತಿತು. ನಾನು ಸಕ್ಕರೆಯ ಲೋಟ ತೊಳೆದು ಬೋರಲು ಹಾಕಿದೆ.

ಎಂಟೂಕಾಲಿಗೆ ಗಂಡನ ಫೋನ್ ಬಂತು. ಮೆಕ್ಯಾನಿಕ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗಲೇ ಸಿಕ್ಕನಂತೆ. ಹಿಂಡುವ ಡ್ರಮ್ಮು ಎತ್ತಿದರೆ ಅದರ ಕೆಳಗೆ ಬಟ್ಟೆಯ ಗಂಟು ಹಾಗೇ ಇತ್ತಂತೆ. ಲಿಂಗ ಎಲ್ಲೂ ಮುಕ್ಕಾಗಿರಲಿಲ್ಲ. ಅತ್ತೆ ಬರಿಗೈಯಲ್ಲಿ ಮರಳಿದರು. ಅಯ್ಯನವರು ಸಂತೆಕಲ್ಲೂರಿಗೆ ಹೋಗಿದ್ದರು. ಮಾವ ನೆಟ್ಟಗೆ ಕೂತಿದ್ದನ್ನು ಕಂಡು ಅತ್ತೆ ನಿಂತಲ್ಲೇ ಕೈಮುಗಿದರು. ಒಂಬತ್ತಕ್ಕೆ ಪೂಜೆಯಾಯಿತು. ಅವತ್ತು ಪೂಜೆ ಎಂದಿಗಿಂತ ಹೆಚ್ಚು ಹೊತ್ತು ನಡೆಯಿತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಂಡೆ.

ವಾರದ ನಂತರ ಹೊಸ ಮಷಿನ್ ನೋಡಲು ಓಣಿಯ ಹೆಂಗಸರು ಬಂದರು. ನಾನು ಮುಚ್ಚಳ ತೆಗೆದು, ಸೋಪಿನ ಪುಡಿ ಎಲ್ಲಿ ಹಾಕಬೇಕು, ಉಪ್ಪು ಕಟ್ಟದಂತೆ ಡ್ರಮ್ಮು ಹೇಗೆ ತೊಳೆಯಬೇಕು ಎಂದು ದೊಡ್ಡ ಪಾಠವನ್ನೇ ಶುರು ಮಾಡಿದ್ದೆ. ಅಷ್ಟರಲ್ಲಿ ಅತ್ತೆ ಆ ಸೋಮವಾರದ ಕತೆ ತೆಗೆದರು. "ಸೂಜಿ ಆಗಿತ್ತು, ಹೊಟ್ಯಾಗ ಏನೂ ಇದ್ದಿಲ್ಲ. ಲಿಂಗ ಸಿಗೋತನಕ ಹನಿ ನೀರು ಮುಟ್ಟಲಿಲ್ಲ ನಮ್ಮ ಮನಿಯವ್ರು. ಏನೂ ಆಗಲಿಲ್ಲ ನೋಡ್ರಿ. ಆ ಲಿಂಗಪ್ಪನ ಕಾದ." ಹೆಂಗಸರು ಮಾವನಿದ್ದ ಕಡೆ ತಿರುಗಿ ಕೈಮುಗಿದರು. ಅತ್ತೆಯ ಮುಖದಲ್ಲಿ ಅಷ್ಟು ಹೆಮ್ಮೆ ನಾನು ಯಾವತ್ತೂ ಕಂಡಿರಲಿಲ್ಲ.

ಪಡಸಾಲೆಯ ಮಂಚದ ಮೇಲಿದ್ದ ಮಾವ ಎದ್ದು ಕೂತರು.

"ಕುಡಿದೀನಿ," ಎಂದರು. "ಎರಡು ಲೋಟ ಸಕ್ಕರಿ ನೀರು ಕುಡಿದೀನಿ. ಜೀವಕ್ಕ ಅಂಜಿ ನಾನ ಇಸಗೊಂಡು ಕುಡಿದೀನಿ."

ಅತ್ತೆಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಜೀವಕ್ಕೆ ಅಂಜಿ ಅಲ್ಲ ಎಂದು ನನಗೆ ಗೊತ್ತಿತ್ತು.

ಅತ್ತೆ ಮೆಲ್ಲಗೆ, "ಹೋಗ್ಲಿ ಬಿಡ್ರಿ," ಎಂದರು. ಆಮೇಲೆ ನನ್ನನ್ನು ನೋಡಿ, ಮತ್ತೆ ಮಾವನನ್ನು ನೋಡಿ ಕೇಳಿದರು: "ಆ ಬನಿಯನ್ ಮಷಿನ್ನಿಗೆ ಹೋದದ್ದಾದ್ರೂ ಹೆಂಗ?"

"ನಾನ ಹಾಕಿದ್ದೆ. ಈಗ ಬರೋಬ್ಬರಿ ನೆಪ್ಪಾತು," ಎಂದರು ಮಾವ.

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅವತ್ತೊಂದೇ ದಿನ. ಹೆಂಗಸರೆಲ್ಲ ಕಾಯುತ್ತಿದ್ದರು. ಸೋಪಿನ ಪುಡಿಯ ಚಮಚ ಹಿಡಿದು ನಿಂತಿದ್ದ ನಾನು ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದ ಪಾಠ ಮುಂದುವರಿಸಿದೆ.