ಟವೆಲ್ಲಿನ ಹೊರಗಿನ ವ್ಯಾಪಾರ

ಟೀವಿಯಲ್ಲಿ ಮಾರುವುದು, ಕೊಳ್ಳುವುದು ತೋರಿಸುತ್ತಾರಲ್ಲ, ಆ ರಿಯಾಲಿಟಿ ಶೋಗಳು ನಿಜವೋ ನಾಟಕವೋ ಎಂದು ಯಾರಾದರೂ ಚಹಾ ಕುಡಿಯುತ್ತ ಚರ್ಚೆಗೆ ಕೂತರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಟಕವೇ, ಸಂಶಯ ಬೇಡ. ಅಂಥದೊಂದರಲ್ಲಿ ನಮ್ಮಪ್ಪನಿಗೂ ಪಾತ್ರ ಇತ್ತು. ಕೊಡಿಸಿದವನು ನಾನೇ.

ಅಪ್ಪ ಹುಬ್ಬಳ್ಳಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಅಲ್ಲಿ ಎತ್ತಿನ ರೇಟನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಟವೆಲ್ಲಿನ ಕೆಳಗೆ ದಲಾಲನ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳಬೇಕು. ಮಾರುವವನ ಬೆರಳು ಹೇಳಿದ್ದು, ಕೊಳ್ಳುವವನ ಬೆರಳು ಹೇಳಿದ್ದು, ಎರಡೂ ಗೊತ್ತಿರುವವನು ದಲಾಲ ಒಬ್ಬನೇ. ನಡುವಿನ ದುಡ್ಡು ಅವನು ತಿಂದರೆ ಕೇಳುವವರಿಲ್ಲ. ಹಾಗಾಗಿ ನಂಬಿಕೆ ಇದ್ದವನ ಟವೆಲ್ಲಿನೊಳಗೆ ಮಾತ್ರ ಜನ ಕೈ ಹಾಕುತ್ತಿದ್ದರು. ಹೆಬ್ಬಳ್ಳಿ ಕಡೆಯ ರೈತರಂತೂ ಅಪ್ಪ ಬರುವವರೆಗೆ ಎತ್ತಿನ ಹಗ್ಗ ಹಿಡಿದು ಕಾಯುತ್ತಿದ್ದರು.

ಎರಡು ಸಾವಿರನೇ ಇಸವಿಯ ನಂತರದ ಮಾತು, ಊರಿಗೊಂದು ಚಾನೆಲ್ ಹುಟ್ಟುತ್ತಿದ್ದ ಕಾಲ. ಅಂಥ ಒಂದು ಚಾನೆಲ್ಲಿನವರು ಸಂತೆಯ ವ್ಯಾಪಾರ ತೋರಿಸುತ್ತೇವೆಂದು ಬಂದರು. ಟವೆಲ್ಲಿನ ಕೆಳಗೆ ಕ್ಯಾಮೆರಾಕ್ಕೆ ಏನು ಕಾಣಬೇಕು, ಮಣ್ಣು? ರೇಟನ್ನು ಬಾಯಿಂದ ಹೇಳಿ, ಮಾರುವವನಿಗೆ ಒಂದು, ಕೊಳ್ಳುವವನಿಗೆ ಇನ್ನೊಂದು ಹೇಳಿದಂತೆ ಮಾಡಿ, ಮಜಾ ಬರುತ್ತದೆ ಎಂದರು. ಅಪ್ಪ ಆಗುವುದಿಲ್ಲವೆಂದ. ಅಪ್ಪ ಟೀವಿಯಲ್ಲಿ ಬರುತ್ತಾನೆಂದು ತಾರಿಹಾಳದ ಫ್ಯಾಕ್ಟರಿಯಲ್ಲಿ ಜೊತೆಗಾರರಿಗೆಲ್ಲ ಆಗಲೇ ಡಂಗುರ ಹೊಡೆದು ಬಂದಿದ್ದ ನಾನು ಬಿಡಬೇಕಲ್ಲ! "ಬರೇ ನಾಟಕ ಅಪ್ಪಾ ಅದು. ಮಂದಿಗೆ ಅಷ್ಟೂ ತಿಳಿಯಂಗಿಲ್ಲೇನು?" ಎಂದು ಗಂಟುಬಿದ್ದೆ. ಕೊನೆಗೆ ಒಪ್ಪಿದ.

ಮಂದಿಗೆ ತಿಳಿಯಲಿಲ್ಲ. ಪರದೆಯ ಮೇಲೆ ಇದು ನಿಜವಾದ ವ್ಯಾಪಾರ ಎಂದು ಬರೆದುಬಿಟ್ಟಿದ್ದರು. ಅಪ್ಪ ಒಬ್ಬನಿಗೊಂದು ರೇಟು ಹೇಳಿ, ಇನ್ನೊಬ್ಬನತ್ತ ತಿರುಗಿ ಬೇರೆ ಹೇಳಿ, ನಕ್ಕ. ಆ ನಗುವನ್ನು ನಾಲ್ಕು ಸಲ ನಗಿಸಿ ಹಿಡಿದಿದ್ದರು, ಹಾಳಾದವರು.

ಮುಂದಿನ ಸಂತೆಗೆ ನಾನೂ ಹೋಗಿದ್ದೆ. ಅಪ್ಪ ಕೈಮೇಲೆ ಟವೆಲ್ ಹಾಕಿಕೊಂಡು ಚಾಚಿದ. ವರ್ಷಗಟ್ಟಲೆ ಅವನ ಕೈಯಿಂದಲೇ ಎತ್ತು ಮಾರಿಸಿಕೊಂಡಿದ್ದ ರೈತ ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಬಾಯಿಲೆ ಹೇಳ್ರಿ ಯಜಮಾನ್ರ. ನಾಕ ಮಂದಿ ಕೇಳ್ಲಿ" ಅಂದ, ಮರ್ಯಾದೆಯಿಂದಲೇ.

ಅದು ನಾಟಕವೆಂದು ನಾನು ನಡುವೆ ಬಾಯಿ ಹಾಕಿದೆ. ಕಣ್ಣಾರೆ ಕಂಡಿದ್ದೇವಲ್ಲ ಎಂದ ಪಕ್ಕದವನು. ಅವತ್ತು ಒಂದು ಕೈಯೂ ಟವೆಲ್ಲಿನೊಳಗೆ ಬರಲಿಲ್ಲ. ಮುಂದೆಯೂ ಬರಲಿಲ್ಲ.

ಬಸ್ ಸ್ಟಾಪಿನಲ್ಲಿ ಅಪ್ಪ ನನ್ನನ್ನು ಕೇಳಿದ: "ನೀ ಹೇಳಪಾ. ಸಂತ್ಯಾಗ ನಾ ಖರೇನ ಹಂಗ ಮಾಡಿರಬೇಕಂತ ನಿನಗೂ ಅನಸ್ತೇನು?"

ಇಲ್ಲ ಎಂದೆ. ಆದರೆ ತಟ್ಟನೆ ಹೇಳಲಿಲ್ಲ. ಟೀವಿಯಲ್ಲಿ ಆ ನಗು ನೋಡಿದಾಗ ಒಂದು ಕ್ಷಣ ನನಗೂ ಹಾಗನ್ನಿಸಿತ್ತು, ಅಪ್ಪನನ್ನು ಹಾಗೆ ನಗಿಸುವಾಗ ಪಕ್ಕದಲ್ಲೇ ನಿಂತಿದ್ದ ನನಗೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಬಸ್ಸು ಬಂತು. ಅವನು ಮೊದಲು ಹತ್ತಿ, ಪಕ್ಕದಲ್ಲಿ ನನಗೆ ಜಾಗವಿಲ್ಲದ ಸೀಟು ನೋಡಿ ಕೂತ.