ಕಿರುಗಾವಲಿನ ಹುಂಜ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಮದ್ದೂರಿನ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಯಾರಾದರೂ ದೆವ್ವ ಕಂಡೆ ಅಂದರೆ, ಮೊದಲು ಕಣ್ಣು ತೋರಿಸಿಕೊಳ್ಳಿ ಅನ್ನುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಅದಕ್ಕೆ ಕಾರಣ ಒಂದು ಹುಂಜ. ನಗಬೇಡಿ.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಶನಿವಾರ, ನಾವು ಮೂವರು ಗೆಳತಿಯರು ಮಳವಳ್ಳಿಯಾಚೆಯ ಕಾಡಂಚಿನ ಬೆಟ್ಟ ಹತ್ತಲು ಹೊರಟೆವು. ಕಾರು ಓಡಿಸಿದವಳು ಆತಗೂರಿನ ಜಯ, ನಮ್ಮ ಶಾಲೆಯವಳೇ. ಇನ್ನೊಬ್ಬಳು ಪುಟ್ಟಲಕ್ಷ್ಮಿ; ಉಬ್ಬಸದವಳು, ಆದರೂ ಬಾಡೂಟ ಅಂದರೆ ಎಲ್ಲರಿಗಿಂತ ಮುಂದೆ. ಬೆಟ್ಟಕ್ಕೆ ಹೋಗಿ ಬಾಡು ಬೇಯಿಸದೆ ಬಂದರೆ ನಮ್ಮ ಕಡೆ ಮರ್ಯಾದೆಯಲ್ಲ. ನಾಟಿ ಹುಂಜಕ್ಕೆಂದೇ ಕಿರುಗಾವಲಿಗೆ ಸುತ್ತಿಕೊಂಡು ಹೋದೆವು.

ಮಾರುವ ಅಜ್ಜಿ ನಿಜವನ್ನೇ ಹೇಳಿದಳು. "ಇದು ಹುಟ್ಟಿದಾಗಿಂದ ಒಂದ್ಸಲಾನೂ ಕೂಗಿಲ್ಲ ಕಣವ್ವ. ಕೂಗ್ದಿರೋ ಹುಂಜ ಮಡಿಕ್ಕಂಡು ಏನ್ ಮಾಡಾನ?"

"ನಮ್ಗೇನು ಅದ್ರ ಸಂಗೀತ ಬೇಕಾ? ಸಾರಾದ್ರೆ ಸಾಕು ಬುಡಿ," ಎಂದಳು ಪುಟ್ಟಲಕ್ಷ್ಮಿ. ಅಜ್ಜಿ ಕುಯ್ದು ಕೊಡುತ್ತೇನೆಂದರೆ ಜಯ ಒಪ್ಪಲಿಲ್ಲ. ಅಲ್ಲೇ ಕುಯ್ದು ಅಲ್ಲೇ ಬೇಯಿಸಿದರೇ ರುಚಿಯಂತೆ. ಬಿದಿರುಬುಟ್ಟಿಯ ಮಂಕರಿ ಸಮೇತ ಹುಂಜ ಕಾರು ಹತ್ತಿತು.

ಬೆಟ್ಟದ ತಪ್ಪಲಿನ ಹಾಳು ಛತ್ರದಲ್ಲಿ ಒಲೆ ಹೂಡಿ, ಮಸಾಲೆ ಹುರಿದು, ಎಸರಿಟ್ಟ ಮೇಲೆ ಗೊತ್ತಾಯಿತು: ನಮ್ಮಲ್ಲಿ ಯಾರೂ ಜೀವಮಾನದಲ್ಲಿ ಕೋಳಿ ಕುಯ್ದಿಲ್ಲ. ಮನೆಯಲ್ಲಿ ಆ ಕೆಲಸ ಗಂಡಂದಿರದು. "ನೀನು ಕುಯ್ಯೆ", "ನೀನೇ ಕುಯ್ಯೆ" ಎಂದು ಚಾಕು ಮೂವರ ಕೈಯಲ್ಲೂ ಸುತ್ತಿತು. ಹುಂಜ ಸುಮ್ಮನೆ ನೋಡುತ್ತಿತ್ತು. ಕೊನೆಗೆ ಕೋಳಿಯಿಲ್ಲದ ಕೋಳಿಸಾರಿನಲ್ಲಿ ಮುದ್ದೆ ಅದ್ದಿ ನುಂಗಿ ಮಲಗಿದೆವು.

ಭಾನುವಾರ ಬೆಳಿಗ್ಗೆ ಕಾರಿನ ಪಕ್ಕ ಹುಂಜದ ಮೇಲೆ ಮಂಕರಿ ಮುಚ್ಚಿ ಬೆಟ್ಟ ಹತ್ತಿದೆವು. ತುದಿ ಮುಟ್ಟುವಷ್ಟರಲ್ಲಿ ಮಂಜು ಕವಿದು ಚಾಚಿದ ಕೈ ಕಾಣದಾಯಿತು. ಒಂದು ಪಕ್ಕ ಪ್ರಪಾತ. ಆಗಲೇ ಪುಟ್ಟಲಕ್ಷ್ಮಿಗೆ ಉಬ್ಬಸ ಎದ್ದಿತು. ಬ್ಯಾಗು ತಡಕಿದರೆ ಇನ್‌ಹೇಲರ್ ಇಲ್ಲ, ಕಾರಿನಲ್ಲೇ ಬಿಟ್ಟಿದ್ದಳು. ಫೋನಿಗೆ ಸಿಗ್ನಲ್ಲಿಲ್ಲ. ಅವಳ ತುಟಿ ನೀಲಿಗಟ್ಟುತ್ತಿತ್ತು. ಜಯನಂಥ ಗಟ್ಟಿಗಿತ್ತಿಯೇ "ನಮ್ ಪುಟ್ಟಿ ಒಂಟೋಯ್ತಾಳೆ ಕಣೆ, ಏನಾರ ಮಾಡೆ" ಎಂದು ಅಳತೊಡಗಿದಳು. ನಾನು ಪುಟ್ಟಲಕ್ಷ್ಮಿಯ ಬೆನ್ನು ನೀವುತ್ತ ಕೂತೆ.

ಅಷ್ಟರಲ್ಲಿ ಕೆಳಗಿನಿಂದ ಹುಂಜ ಕೂಗಿತು.

ಆ ದನಿಯನ್ನೇ ಹಿಡಿದು, ಅವಳನ್ನು ನಡುವೆ ಆನಿಸಿಕೊಂಡು ಇಳಿದೆವು. ದಿಕ್ಕು ತಪ್ಪಿದರೆ ಕೂಗು ನಿಲ್ಲುತ್ತಿತ್ತು. ಹಿಂದೆ ಸರಿದರೆ ಮತ್ತೆ ಕೇಳುತ್ತಿತ್ತು. ಹೇಗೆ ಇಳಿದೆವೋ ಆ ದೇವರಿಗೇ ಗೊತ್ತು. ನೋಡಿ, ನಾನೇ ಹೀಗೆ ಬರೆಯುತ್ತಿದ್ದೇನೆ! ಕಾರು ಸಿಕ್ಕಿತು, ಅವಳು ಔಷಧಿ ಎಳೆದುಕೊಂಡಳು, ಉಸಿರು ತಿರುಗಿತು. ಬಾಯಿ ಬಿಟ್ಟವಳೇ ಆಡಿದ ಮೊದಲ ಮಾತು: "ಆ ಹುಂಜುನ್ ಕಾಲಿಗ್ ಬೀಳ್ಬೇಕು ಕಣ್ರೇ."

ಮಂಕರಿ ಎತ್ತಿದೆವು. ಹುಂಜ ತೂಕಡಿಸುತ್ತಿತ್ತು. ಜಯ ಮೆಲ್ಲಗೆ ಕೇಳಿದಳು, "ಇದು ಕೂಗಾಕಿಲ್ಲ ಅಂದಿದ್ಲಲ್ವೇನೆ ಆ ಅಜ್ಜಿ?" ಬೇರೆ ಹುಂಜವೇನಾದರೂ ಇದೆಯೇ ಎಂದು ಹುಡುಕಿದೆವು. ಸುತ್ತಮುತ್ತ ಎಲ್ಲೂ ಒಂದು ಮನೆಯಿಲ್ಲ.

ಕಾಡುಕೋಳಿ ಇರಬೇಕು ಅನ್ನುತ್ತಾರೆ ನನ್ನ ಗಂಡ. ಇರಬಹುದು. ಕಾಡುಕೋಳಿ ದಾರಿ ತಿದ್ದುತ್ತದೆಯೇ ಎಂದು ಕೇಳಿದರೆ ಪೇಪರು ಮಡಚಿ ಎದ್ದುಹೋಗುತ್ತಾರೆ.

ಹುಂಜ ಈಗ ಪುಟ್ಟಲಕ್ಷ್ಮಿಯ ಮನೆಯಲ್ಲಿದೆ. ಅವಳು ಕೋಳಿ ತಿನ್ನುವುದನ್ನೇ ಬಿಟ್ಟಿದ್ದಾಳೆ. ಪಾಪ, ಅವಳ ಗಂಡ ಹೋಟೆಲಿನಲ್ಲಿ ಕದ್ದು ತಿಂದು ಬರುತ್ತಾನೆ. ಇವಳು ದಿನಾ ಬೆಳಿಗ್ಗೆ ಹುಂಜದ ಮುಂದೆ ಕಾಳು ಚೆಲ್ಲಿ ಕೂರುತ್ತಾಳೆ. "ಒಂದೇ ಒಂದ್ಸಲ ಕೂಗಪ್ಪ, ನೀನೇನಾ ಅಂತ ಗೊತ್ತಾಗ್ಲಿ."

ಅದು ಕಾಳು ತಿಂದು, ಅವಳ ಮುಖವನ್ನೊಮ್ಮೆ ನೋಡಿ, ಹಿತ್ತಲಿಗೆ ಹೋಗುತ್ತದೆ. ಇವತ್ತಿನವರೆಗೂ ಕೂಗಿಲ್ಲ.