ಚಿತ್ರದೊಳಗಿನವರ ರೇಟು

ಫೋಟೋ ಅಕ್ಕನ ಅಂಗಡಿಯಲ್ಲಿ ಮೊದಲಿನಿಂದಲೂ ಎರಡು ರೇಟು. ಚಿತ್ರದೊಳಗಿದ್ದವರಿಗೆ ಕಾಗದದ ರೇಟು, ಹೊರಗಿನವರಿಗೆ ಪೂರ್ತಿ ರೇಟು. ಮದುವೆ ಗುಂಪಿನ ಮೂಲೆಯಲ್ಲಿ ಪಾತ್ರೆ ತೊಳೆಯುವವಳ ಅರ್ಧ ಮುಖ ಬಿದ್ದಿದ್ದರೂ ಸಾಕು, ಅವಳು ಬಂದು ಕೇಳಿದರೆ ಕಾಗದ ಮತ್ತು ಶಾಯಿಯ ಖರ್ಚಷ್ಟೇ. ಚಿತ್ರದಲ್ಲಿಲ್ಲದಿದ್ದರೆ ಮದುವೆ ಗಂಡಿನ ಚಿಕ್ಕಪ್ಪನಾದರೂ ಪೂರ್ತಿ ಕೊಡಬೇಕು. ಅಂಥ ಚಿಕ್ಕಪ್ಪನೊಬ್ಬ ಕೌಂಟರಿನ ಮುಂದೆ ಎಗರಾಡಿದಾಗ ಅವಳು ಕತ್ತರಿ ಕೆಳಗಿಡದೆ ಕೇಳಿದ್ದಳು, "ಫೋಟೋ ತೆಗೀವಾಗ ಎಲ್ಲಿದ್ರಿ? ಊಟಕ್ಕೆ ಕೂತಿದ್ರಾ?"

ಊಟಕ್ಕೇ ಕೂತಿದ್ದನಂತೆ. ಪೂರ್ತಿ ಕೊಟ್ಟು ಹೋದ.

"ಅವಳ ಮುಖ ಅವಳಿಗೇ ಮಾರಿ ಲಾಭ ಹೊಡೆಯೋಕೆ ನಾನೇನು ದಲ್ಲಾಳಿನಾ" ಎನ್ನುವುದು ಅವಳ ಒಂದೇ ಸಮರ್ಥನೆ. ಬೀದಿಯಲ್ಲಿ ಉಳಿದ ಸ್ಟುಡಿಯೋದವರೆಲ್ಲ ನಕ್ಕರು. ನಗುವುದಕ್ಕೇನೂ ಖರ್ಚಿಲ್ಲವಲ್ಲ.

ಜನ ಫೋನಿನಲ್ಲೇ ಮುಖ ನೋಡಿಕೊಂಡು ತೃಪ್ತಿಪಡುವ ಕಾಲ ಬಂದ ಮೇಲೆ ಅಂಗಡಿ ಸೊರಗಿತು. ಬಾಡಿಗೆ ಕಟ್ಟಲಾಗದೆ ಬಾಗಿಲು ಹಾಕಿದಳು. ಪ್ರಿಂಟಿಂಗ್ ಯಂತ್ರವನ್ನು ಎದುರು ಸಾಲಿನ ಕಲರ್ ಲ್ಯಾಬಿನವನಿಗೆ ಮಾರಿದಳು. ಅವನು ಅದನ್ನು ತಳ್ಳುಗಾಡಿಯಲ್ಲಿ ಸಾಗಿಸುವಾಗ ಒಂದು ಮೂಲೆ ಚರಂಡಿ ಕಲ್ಲಿಗೆ ಬಡಿದು ನೆಗ್ಗಿತು. ಇವಳು ನೋಡಿಯೂ ನೋಡದವಳಂತೆ ಬೀಗ ಹಾಕುತ್ತ ನಿಂತಳು.

ಫೋಟೋಗಳನ್ನು ಆನ್‌ಲೈನಿನಲ್ಲಿ ಮಾರು ಎಂದು ಬೆನ್ನು ಹತ್ತಿದವಳು ನಾದಿನಿ. ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಅವಳದು. ಕಂಪ್ಯೂಟರ್ ಎಂದರೆ ಹೆದರಿಕೆಯಿಲ್ಲ. ಅಡುಗೆಮನೆಯ ಪಕ್ಕದ ಮೇಜಿನ ಮೇಲಿದ್ದ ಒಗೆದ ಬಟ್ಟೆಯ ಗುಡ್ಡೆಯನ್ನು ಒಂದು ಬದಿಗೆ ತಳ್ಳಿ ಇಬ್ಬರೂ ಕುಳಿತರು.

"ನೋಡು ಅತ್ತಿಗೆ, ನೀನು ಫೋಟೋ ಹಾಕಿದ್ರೆ ಸಾಕು. ಪ್ರಿಂಟ್ ಹಾಕೋದು, ಸುರುಳಿ ಸುತ್ತೋದು, ಕಳಿಸೋದು ಎಲ್ಲ ಕಂಪನಿಯವರೇ. ಅವರ ಖರ್ಚು ಇಷ್ಟು ಅಂತ ಇಲ್ಲಿ ತೋರಿಸ್ತಾರೆ. ಮಾರೋ ರೇಟು ನೀನು ಈ ಚೌಕದಲ್ಲಿ ಬರೀಬೇಕು. ಮಧ್ಯದ ವ್ಯತ್ಯಾಸದಲ್ಲಿ ಅವರ ಕಮಿಷನ್ ಹೋಗಿ ಉಳಿದಿದ್ದು ನಿಂದು."

"ಇನ್ನೊಂದು ಚೌಕ ಎಲ್ಲಿ?"

"ಯಾವುದು?"

"ಒಳಗಿನವರ ರೇಟಿಗೆ."

ನಾದಿನಿ ಅವಳ ಮುಖ ನೋಡಿದಳು. "ಯಾರು ಒಳಗಿದಾರೆ, ಯಾರು ಹೊರಗಿದಾರೆ ಅಂತ ಆ ಕಂಪನಿಗೇನು ಗೊತ್ತು? ಚೌಕ ಒಂದೇ. ರೇಟು ಒಂದೇ."

ಅಲ್ಲಿಂದ ಶುರುವಾಯಿತು ಗೋಳು. ಮೋಡ, ಸೇತುವೆ, ಬೆಕ್ಕಿನ ಫೋಟೋ ಆದರೆ ತಕರಾರಿಲ್ಲ, ಬಾಯಿಗೆ ಬಂದ ರೇಟು ಬರೆದಳು. ಸಿಕ್ಕಿಹಾಕಿಕೊಂಡದ್ದು ಲಾಂಡ್ರಿ ಹೆಂಗಸರ ಫೋಟೋದಲ್ಲಿ. ದೊಡ್ಡ ಹೋಟೆಲಿನ ಹಿಂಭಾಗದ ಲಾಂಡ್ರಿಯವರು ಕೂಲಿ ಹೆಚ್ಚಿಸಿ ಎಂದು ಮುಷ್ಕರಕ್ಕೆ ಕೂತಾಗ ಅವಳು ತೆಗೆದದ್ದು ಅದು. ಹಿಂಬಾಗಿಲ ಮುಂದೆ ಒಗೆಯದ ಚಾದರಗಳ ಗಂಟುಗಳ ಮೇಲೆ ಕಾಲು ಚಾಚಿ ಕುಳಿತ ಹೆಂಗಸರು, ಯಾವುದೋ ಪೋಲಿ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ನಡುವೆ ಅವರ ಮುಂದಾಳು ಉದ್ದಮ್ಮ. ಅಂಚಿನಲ್ಲಿ, ಅರ್ಧ ಮಾತ್ರ ಚಿತ್ರದೊಳಗೆ, ಗುಂಡಿ ಹೊಲಿಯುವವಳು. ಮುಷ್ಕರ ಮುಗಿದ ಮೇಲೆ ಉಳಿದವರನ್ನು ಒಳಗೆ ಸೇರಿಸಿಕೊಂಡ ಹೋಟೆಲಿನವರು ಗುಂಡಿಯವಳನ್ನು ಮಾತ್ರ ಹೊರಗಿಟ್ಟರು. ಅವಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲವಂತೆ, ಅವಳು ಅಲ್ಲಿ ಕೆಲಸವನ್ನೇ ಮಾಡಿರಲಿಲ್ಲವಂತೆ.

"ನಾನಲ್ಲಿದ್ದೆ ಅನ್ನೋಕೆ ಆ ಫೋಟೋ ಬಿಟ್ರೆ ಇನ್ನೇನೂ ಇಲ್ಲ. ನಂಗೊಂದು ದೊಡ್ಡದು ಬೇಕು. ಕೈಗೆ ಕಾಸು ಬಂದಾಗ ತಗೋತೀನಿ, ತೆಗೆದಿಟ್ಟಿರು" ಎಂದು ಅವಳು ಅಂಗಡಿ ಮುಚ್ಚುವ ಮೊದಲೇ ಹೇಳಿಟ್ಟಿದ್ದಳು. ಫೋಟೋ ಅಕ್ಕ ಹೂಂ ಅಂದಿದ್ದಳು. ಆಮೇಲೆ ಯಂತ್ರ ಮಾರಿದಳು. ಹೂಂ ಅಂದದ್ದು ಮಾತ್ರ ಹಾಗೇ ಉಳಿಯಿತು.

ಈಗ ಚೌಕದಲ್ಲಿ ಏನು ಬರೆಯುವುದು? ಜಾಸ್ತಿ ಬರೆದರೆ ಹೆಂಗಸರ ಕೈಗೆಟುಕದು. ಕಡಿಮೆ ಬರೆದರೆ ಗೋಡೆ ತುಂಬಿಸಿಕೊಳ್ಳುವ ಶೋಕಿಯವರು ಬಿಟ್ಟಿ ದೋಚುತ್ತಾರೆ. ಬರೆದಳು, ಅಳಿಸಿದಳು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. "ಒಂದು ಅಂಕಿ ಬರೆಯೋಕೆ ಹೆರಿಗೆ ನೋವು ತಿಂತಾ ಇದೀಯಲ್ಲ" ಎಂದು ನಾದಿನಿ ಒಲೆ ಒರೆಸುತ್ತ ಬೈದಳು.

ಉಪಾಯ ಹೇಳಿದವಳೂ ಅವಳೇ. ಕಂಪನಿಯವರು ಕೂಪನ್ ಅಂತ ಒಂದು ಕೊಡುತ್ತಾರೆ. ಗುಟ್ಟಿನ ಪದವೊಂದನ್ನು ನಾವೇ ಇಡಬಹುದು. ಕೊಳ್ಳುವಾಗ ಅದನ್ನು ಹಾಕಿದವರಿಗೆ ಬರೀ ಖರ್ಚಿನ ರೇಟು. ಫೋಟೋ ಅಕ್ಕನಿಗೆ ಜೀವ ಬಂದಂತಾಯಿತು. ಚೌಕದಲ್ಲಿ ಮುಲಾಜಿಲ್ಲದೆ ದೊಡ್ಡ ರೇಟು ಬರೆದಳು. ಗುಟ್ಟಿನ ಪದ ಉದ್ದಮ್ಮ ಎಂದಿಟ್ಟಳು. ಲಾಂಡ್ರಿಯ ಬಾಗಿಲಿಗೇ ಹೋಗಿ ಉದ್ದಮ್ಮನ ಕಿವಿಯಲ್ಲಿ ಹೇಳಿ ಬಂದಳು. "ನಿಮ್ಮವರಿಗೆ ಮಾತ್ರ."

"ನಮ್ಮವರಿಗೇ" ಎಂದಳು ಉದ್ದಮ್ಮ.

ಎಡವಟ್ಟಾದದ್ದು ಅಲ್ಲಿ. ಅಕ್ಕಿ ಮೂಟೆಯಿಂದ ಹಿಡಿದು ಪೊಲೀಸರ ಲಾಠಿಯವರೆಗೆ ಎಲ್ಲವನ್ನೂ ಹಂಚಿಕೊಂಡು ಬದುಕಿದ ಹೆಂಗಸರು ಅವರು. ಅಗ್ಗಕ್ಕೆ ಸಿಗುವ ದಾರಿಯೊಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಅವರ ಪ್ರಕಾರ ಮುಷ್ಕರ ಮುರಿದಷ್ಟೇ ನೀಚ ಕೆಲಸ. ಒಬ್ಬಳು ಭಾವನಿಗೆ ಹೇಳಿದಳು. ಇನ್ನೊಬ್ಬಳು ಹೋಟೆಲಿನಲ್ಲಿ ಹಾಸಿಗೆ ಹಾಸುವವಳಿಗೆ, ಅವಳು ಲಿಫ್ಟಿನವನಿಗೆ, ಅವನು ಮ್ಯಾನೇಜರಿಗೆ. ಹೋಟೆಲಿಗೆ ಹೊಸ ಬಣ್ಣ ಬಳಿದು ಗೋಡೆಗಳಿಗೆ ಚಿತ್ರ ಹುಡುಕುತ್ತಿದ್ದ ಮ್ಯಾನೇಜರನಿಗೆ ನಗುವ ಹೆಂಗಸರು, ಬಿಳಿ ಗಂಟುಗಳು ಬಹಳ ಹಿಡಿಸಿದವು. ಮಹಡಿಗೊಂದರಂತೆ ದೊಡ್ಡ ಅಳತೆಯವನ್ನೇ ತರಿಸಿಕೊಂಡ. ಕಾಗದದ ರೇಟಿಗೆ.

ಆರ್ಡರ್ ನೋಡಿ ಹಿಗ್ಗಿದ ನಾದಿನಿ ವಿಳಾಸ ಓದುತ್ತ ಓದುತ್ತ ಮೆತ್ತಗಾದಳು. ಫೋಟೋ ಅಕ್ಕ ರದ್ದು ಮಾಡಲು ಕಂಪನಿಗೆ ಫೋನ್ ಹಚ್ಚಿದಳು. ಬಹಳ ಹೊತ್ತು ಪೀಪಿ ಊದಿಸಿದ ಮೇಲೆ ಒಬ್ಬಳು ಸಿಕ್ಕಳು.

"ಮೇಡಂ, ಕೂಪನ್ ನೀವೇ ಮಾಡಿರೋದಲ್ವಾ?"

"ನಾನೇ. ಅದು ಚಿತ್ರದಲ್ಲಿರೋ ಹೆಂಗಸರಿಗಮ್ಮ."

"ನಮ್ಮಲ್ಲಿ ಹಾಗೆಲ್ಲ ಇಲ್ಲ ಮೇಡಂ. ಪದ ಹಾಕಿದವರು ಗ್ರಾಹಕರು. ಪ್ರಿಂಟಿಗೆ ಹೋಗಿಬಿಟ್ಟಿದೆ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಫೋಟೋ ಅಕ್ಕ ಫೋನ್ ಕುಕ್ಕಿದಳು. ನೇರ ಲಾಂಡ್ರಿಗೆ ಹೋಗಿ ಇಸ್ತ್ರಿಯ ಹಬೆಯ ನಡುವೆಯೇ ಉದ್ದಮ್ಮನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮನ್ನ ಬೀದಿಯಲ್ಲಿ ಕೂರಿಸಿದವನು ನಿಮ್ಮನ್ನೇ ಪುಕ್ಕಟೆ ನೇತು ಹಾಕ್ಕೊಳ್ತಿದಾನಲ್ರೇ. ಬಾಯಿಗೆ ಬೀಗ ಹಾಕೋಕೆ ಬರಲ್ವಾ ನಿಮಗೆ?"

"ಬಾಯಿಗೆ ಬೀಗ ಹಾಕೋರಾಗಿದ್ರೆ ಮುಷ್ಕರ ಎಲ್ಲಿ ಆಗ್ತಿತ್ತು ಅಕ್ಕಾ" ಎಂದಳು ಉದ್ದಮ್ಮ, ದಿಂಬಿನ ಚೀಲ ಮಡಿಸುವುದನ್ನು ನಿಲ್ಲಿಸದೆ. "ಅವನಿಗೆ ಅದು ಮುಷ್ಕರದ ಫೋಟೋ ಅಂತಲೇ ಗೊತ್ತಿಲ್ಲ. ನಾವೇನೋ ಕೆಲಸ ಮಾಡ್ತಾ ಖುಷಿಯಾಗಿದೀವಿ ಅಂದ್ಕೊಂಡಿದಾನೆ ಬೆಪ್ಪ."

ಹೆಂಗಸರು ನಕ್ಕರು, ಥೇಟ್ ಫೋಟೋದಲ್ಲಿದ್ದ ಹಾಗೆ. ಫೋಟೋ ಅಕ್ಕನಿಗೆ ನಗು ಬರಲಿಲ್ಲ.

ಮನೆಗೆ ಬಂದವಳೇ ಕೂಪನ್ ಕಿತ್ತು ಹಾಕಿಸಿದಳು, ಆ ಫೋಟೋವನ್ನೂ ತೆಗೆಸಿದಳು. "ನಾಳೆ ಗುಂಡಿಯವಳು ಬಂದು ಕೇಳಿದ್ರೆ?" ಎಂದು ನಾದಿನಿ ನೆನಪಿಸಿದಳು.

ಗುಂಡಿಯವಳು ಅಷ್ಟು ದಿನ ಸುಮ್ಮನಿದ್ದವಳು ಆ ವಾರವೇ ಬಂದಳು, ಸೆರಗಿನ ತುದಿಯಲ್ಲಿ ಕಾಗದದ ರೇಟು ಕಟ್ಟಿಕೊಂಡು. ಹೋಟೆಲಿನ ಮಹಡಿಗಳಲ್ಲೆಲ್ಲ ತಾನು ನೇತಾಡುತ್ತಿರುವ ಸುದ್ದಿ ಅವಳಿಗೂ ಮುಟ್ಟಿತ್ತು. "ಒಳಗೆ ಬಿಡದವರು ಗೋಡೆಗೆ ಹಾಕ್ಕೊಂಡಿದಾರಂತಲ್ಲ, ನಂಗೂ ಒಂದು ಕೊಡು ಈಗ" ಎಂದಳು. ಇಲ್ಲ ಎನ್ನುವ ಬಾಯಿ ಎಲ್ಲಿಂದ ತರುವುದು? ಅವಳನ್ನು ಕೂರಿಸಿ ಫೋಟೋ ಅಕ್ಕ ಕಲರ್ ಲ್ಯಾಬಿಗೆ ನಡೆದಳು.

ಅವಳದೇ ಹಳೆಯ ಯಂತ್ರ, ನೆಗ್ಗಿದ ಮೂಲೆ ಸಮೇತ, ಗೋಡೆಗೆ ಒರಗಿ ಗುರುಗುಟ್ಟುತ್ತಿತ್ತು. ಲ್ಯಾಬಿನವನು ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದ. ಹೆಂಗಸರ ಮುಖಗಳ ಮೇಲೆ ಒಂದೊಂದಾಗಿ ಕಣ್ಣಾಡಿಸಿದ.

"ಇದರಲ್ಲಿ ನೀವಿದೀರಾ ಅಕ್ಕಾ?"

"ನಾನೆಲ್ಲಿರ್ತೀನೋ, ತೆಗೆದವಳು ನಾನು."

"ಹಾಗಾದ್ರೆ ಪೂರ್ತಿ ರೇಟು" ಎಂದ ಅವನು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. "ನಿಮ್ಮ ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಅದೇ ರೇಟು ಕೇಳ್ಕೊಂಡು ಇಲ್ಲಿಗೆ ಬರ್ತಾರೆ. ತಲೆ ಚಿಟ್ಟು ಹಿಡಿದು ಕೊನೆಗೆ ನಾನೂ ಅದನ್ನೇ ಇಟ್ಕೊಂಡೆ."

ಅವಳು ದುಡ್ಡು ಎಣಿಸಿದಳು. ಪೂರ್ತಿ ಕೊಟ್ಟಳು. ಸುರುಳಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಬಿದ್ದು, ಎರಡು ಹೆಜ್ಜೆ ಇಟ್ಟು, ವಾಪಸ್ ಬಂದಳು.

"ಮತ್ತೇನಕ್ಕಾ?"

"ಅವಳು ಬಂದ್ರೆ ಎಷ್ಟು ತಗೋತಿದ್ದೆ?"

"ಯಾರು?"

"ಈ ಅಂಚಿನಲ್ಲಿರೋಳು. ಅರ್ಧ ಬಿದ್ದಿದಾಳಲ್ಲ, ಇವಳು."

"ಕಾಗದದ ರೇಟು" ಎಂದ ಅವನು. "ಅವಳನ್ನೇ ಕಳಿಸಬೇಕಿತ್ತು ನೀವು."